ಸೌಟಿನ ತೊಟ್ಟಿಲು

ನಮ್ಮ ಊರಿನಲ್ಲಿ ತಾವು ಚೆಲ್ಲಿದ್ದನ್ನು ತಾವೇ ಒರೆಸಲು ಯಾರಿಂದಲೂ ಆಗುವುದಿಲ್ಲ. ಸಾರು ತುಳುಕಿಸಿದ ಕೈ ಬಟ್ಟೆ ಹಿಡಿದು ಎಷ್ಟು ತಿಕ್ಕಿದರೂ ಆ ಕಲೆ ಅಡುಗೆ ಕಟ್ಟೆ ಬಿಟ್ಟು ಅಲುಗುವುದಿಲ್ಲ. ಬೂದಿ ಹಾಕಲಿ, ಹುಣಸೆಹಣ್ಣು ಉಜ್ಜಲಿ, ಕೊಡಗಟ್ಟಲೆ ನೀರು ಸುರಿಯಲಿ, ಅದು ಅಲ್ಲೇ ಇರುತ್ತದೆ. ಇನ್ನೊಬ್ಬರು ಬಂದು ಒಂದು ಸಲ ಕೈಯಾಡಿಸಿದರೆ ಸಾಕು, ಕಟ್ಟೆ ಕನ್ನಡಿಯಾಗುತ್ತದೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲು ಕಣ್ಣು ಬಾಯಿ ಬಿಡುತ್ತಾರೆ, ಆಮೇಲೆ ಗಂಡನನ್ನು ಕೂಗಿ ಕರೆಯುವುದನ್ನು ಕಲಿಯುತ್ತಾರೆ. ಹಾಗಾಗಿ ನಮ್ಮ ಊರಿನ ಗಂಡಸರಿಗೆ ಅಡುಗೆಮನೆ ಹೊಸ ಜಾಗವಲ್ಲ. ನಾನು ಬಡಗಿ. ಉಳಿ ಹಿಡಿದ ಕೈಯಲ್ಲೇ ಮಸಿಬಟ್ಟೆಯನ್ನೂ ಹಿಡಿದುಕೊಂಡು ಸಂಸಾರ ಮಾಡಿದವನು.

ನನ್ನ ಹೆಂಡತಿ ಭಾಗೀರತಿ ಜಗಳವಾದ ದಿನ ಬೇಕೆಂದೇ ಒಂದು ಸೌಟು ಹುಳಿಯನ್ನು ಕಟ್ಟೆಗೆ ಸುರಿದು, ಮುಖ ಊದಿಸಿಕೊಂಡು ಪಡಸಾಲೆಯಲ್ಲಿ ಕೂತುಬಿಡುತ್ತಾಳೆ. ನಾನು ಎದ್ದು ಹೋಗಿ ಒರೆಸಿದರೆ ರಾಜಿಯಾಯಿತು ಎಂದು ಲೆಕ್ಕ. ಒರೆಸದಿದ್ದರೆ ಕೋಪ ಇನ್ನೂ ಇಳಿದಿಲ್ಲ ಎಂದು ಲೆಕ್ಕ. ನಮ್ಮಲ್ಲಿ ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ, ಅದಕ್ಕೆ ಬಟ್ಟೆ ಇದೆ. ತಾಯಂದಿರು ಮಕ್ಕಳಿಗೆ ಹೊಡೆಯುವುದೂ ಕಡಿಮೆ. ತೀರಾ ಸಿಟ್ಟು ಬಂದರೆ, ಮಗು ಚೆಲ್ಲಿದ್ದನ್ನು ಒರೆಸದೆ ಸಂಜೆಯವರೆಗೆ ಹಾಗೇ ಬಿಡುತ್ತಾರೆ. ನಾನೂ ಚಿಕ್ಕವನಾಗಿದ್ದಾಗ ಆ ಶಿಕ್ಷೆ ಉಂಡಿದ್ದೇನೆ. ತನ್ನ ತಪ್ಪನ್ನು ಕಟ್ಟೆಯ ಮೇಲೆ ನೋಡಿಕೊಂಡು ದಿನವಿಡೀ ಓಡಾಡುವುದಕ್ಕಿಂತ ಬೆನ್ನಿಗೆ ಎರಡು ಬಿದ್ದಿದ್ದರೇ ವಾಸಿ ಅನ್ನಿಸುತ್ತಿತ್ತು.

ಒಂಟಿಯಾಗಿ ಇರುವವರು ಬಾಗಿಲ ಚಿಲಕಕ್ಕೆ ಒಂದು ತುಂಡು ಬಟ್ಟೆ ಕಟ್ಟಿಡುತ್ತಾರೆ. ದಾರಿಯಲ್ಲಿ ಹೋಗುವ ಯಾರಾದರೂ ಅದನ್ನು ಬಿಚ್ಚಿಕೊಂಡು ನೆಟ್ಟಗೆ ಒಳಗೆ ಹೋಗಿ, ಕಟ್ಟೆ ಒರೆಸಿ, ಕಾಫಿ ಕೊಟ್ಟರೆ ಕುಡಿದು, ಬಟ್ಟೆಯನ್ನು ಹಿಂಡಿ ಮತ್ತೆ ಚಿಲಕಕ್ಕೆ ಕಟ್ಟಿ ಹೋಗುತ್ತಾರೆ. ಒಳಗೆ ಹೋದಮೇಲೆ ಒಂದು ಕಲೆಯನ್ನು ಒರೆಸಿ ಇನ್ನೊಂದನ್ನು ಬಿಡುವುದು ನಮ್ಮಲ್ಲಿ ದೊಡ್ಡ ಅವಮರ್ಯಾದೆ. ಇನ್ನು ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ನೆಂಟರಿಷ್ಟರೆಲ್ಲ ಸೇರಿ ಆ ಮನೆಯಲ್ಲಿ ಸತ್ತವರು ಚೆಲ್ಲಿದ್ದು ಏನೇನು ಉಳಿದಿದೆಯೋ ಅಷ್ಟನ್ನೂ ಒರೆಸಿ ತೆಗೆಯುತ್ತಾರೆ. ಎಣ್ಣೆ ಹನಿ, ಅರಿಶಿನದ ಬೊಟ್ಟು, ಏನಿದ್ದರೂ ಸರಿ. ಅದು ಮುಗಿದ ಮೇಲೇ ಆ ಮನೆಯಲ್ಲಿ ಒಗ್ಗರಣೆ ಸಿಡಿಸುವುದು.

ತಿಮ್ಮಾಜಮ್ಮ ಮಾತ್ರ ಅದಕ್ಕೆ ಒಪ್ಪಲಿಲ್ಲ.

ಆಕೆ ನಮ್ಮ ಕೇರಿಯ ಕೊನೆಯ ಮನೆಯವಳು. ಗಂಡ ಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ನೀಲವೇಣಿ, ಹೊಳೆಯಾಚೆ ಒಂದು ಹೊಲಿಗೆ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಬೆಳಗ್ಗೆ ಆ ಹುಡುಗಿ ಕೂತಿದ್ದ ಟೆಂಪೋ ಸೇತುವೆಯ ತಿರುವಿನಲ್ಲಿ ಮಗುಚಿಕೊಂಡಿತು. ಉಳಿದವರಿಗೆಲ್ಲ ಕೈಕಾಲು ಮುರಿಯಿತು, ಅವಳು ಹೋಗಿಬಿಟ್ಟಳು. ಅವಳ ಶವಕ್ಕೆ ಚಟ್ಟ ಕಟ್ಟಲು ಬಿದಿರು ಸೀಳಿದವನು ನಾನೇ. ಅದರ ಬಗ್ಗೆ ಹೆಚ್ಚು ಹೇಳಲಾರೆ. ಹನ್ನೊಂದನೆಯ ದಿನ ಹೆಂಗಸರು ಬಟ್ಟೆ ಹಿಡಿದು ಹೋದಾಗ ತಿಮ್ಮಾಜಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು, ಒಳಗೆ ಕಾಲಿಡುವುದಿದ್ದರೆ ನನ್ನ ಹೆಣ ದಾಟಿ ಹೋಗಿ ಎಂದಳಂತೆ. ಒಂಟಿಯಾದರೂ ಆಕೆ ಚಿಲಕಕ್ಕೆ ಬಟ್ಟೆ ಕಟ್ಟಲೇ ಇಲ್ಲ.

ಕೆಲವು ತಿಂಗಳ ಮೇಲೆ ಆಕೆ ನನ್ನ ಕೊಟ್ಟಿಗೆಗೆ ಬಂದಳು. ನಾನು ಕೆಲಸ ಮಾಡುವ ಜಾಗವನ್ನು ಎಲ್ಲರೂ ಕೊಟ್ಟಿಗೆ ಎಂದೇ ಕರೆಯುತ್ತಾರೆ, ದನ ಕಟ್ಟುವುದು ಬಿಟ್ಟು ಎಷ್ಟೋ ಕಾಲವಾದರೂ. ಆಗ ನಾನು ಒಂದು ಕಿಟಕಿ ಚೌಕಟ್ಟಿಗೆ ತೋಪಡ ಹೊಡೆದು ನಯ ಮಾಡುತ್ತಿದ್ದೆ. ಆಕೆ ಒಳಗೆ ಬರದೆ ಹೊಸ್ತಿಲಲ್ಲೇ ನಿಂತಳು. ಸೀರೆ ಒಗೆದದ್ದೇ ಆಗಿದ್ದರೂ ಮೈಯಿಂದ ಹುಳಿತ ಸಾರಿನ ವಾಸನೆ ಬರುತ್ತಿತ್ತು.

"ಆಚಾರ್ರೇ, ನಂಗೊಂದು ಸಾಮಾನು ಮಾಡ್ಕೊಡ್ತೀರಾ? ಅಡುಗೆ ಮಾಡುವಾಗ ಒಂದು ಹನೀನೂ ಕಟ್ಟೆಗೆ ಬೀಳ್ಬಾರದು. ಅಂಥದ್ದು."

ನನಗೆ ನಗು ಬಂತು. "ಒಂದು ಹನೀನೂ ಬೀಳ್ಬಾರದು ಅಂದ್ರೆ ಅಡುಗೇನೇ ಮಾಡ್ಬಾರದು ಕಣಕ್ಕ," ಎಂದೆ.

ಆಕೆ ನಗಲಿಲ್ಲ. "ಒಂದ್ಸಲ ಬಂದು ನೋಡಿ. ಆಮೇಲೆ ಹೇಳಿ," ಎಂದು ತಿರುಗಿ ಹೊರಟೇಬಿಟ್ಟಳು. ನಾನು ತೋಪಡ ಕೆಳಗಿಟ್ಟು ಹಿಂದೆ ಹೋದೆ.

ಅಡುಗೆಮನೆ ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕಟ್ಟೆ ಕಪ್ಪು ಕಡಪ ಕಲ್ಲಿನದು. ಒಲೆಯ ಬಲಗಡೆಯಿಂದ ಮೂಲೆಯವರೆಗೆ ಆಕೆ ಚೆಲ್ಲಿದ್ದೆಲ್ಲ ಪದರ ಪದರವಾಗಿ ಕೂತಿತ್ತು. ಸಾರು, ಗಂಜಿ, ಮಜ್ಜಿಗೆಹುಳಿ, ಒಡೆದ ಹಾಲು. ಹಲ್ಲಿಯ ಹಿಕ್ಕೆ, ನೊಣ. ಒಲೆಯ ಎಡಗಡೆ ಮಾತ್ರ ಕಲ್ಲು ಸ್ವಚ್ಛವಾಗಿತ್ತು, ಅದರ ನಡುವೆ ಅಂಗೈಯಗಲದ ಒಂದು ಬಿಳಿ ಕಲೆ. ಹಾಲು ಚೆಲ್ಲಿ ಒಣಗಿದ್ದು. ಒಂದು ಕಡೆ ದುಂಡಗೆ, ಇನ್ನೊಂದು ಕಡೆ ಕಟ್ಟೆಯ ಅಂಚಿನತ್ತ ಹರಿದು ಬಾಲ ಬಿಟ್ಟಿತ್ತು. ಬಲಗಡೆಯಿಂದ ತೆವಳಿಕೊಂಡು ಬಂದ ಸಾರಿನ ಕಲೆ ಒಲೆಯ ಮುಂದಿನಿಂದ ಹಾದು ಅದರ ಹತ್ತಿರಕ್ಕೆ ಬಂದಿತ್ತು. ನಡುವೆ ಉಳಿದದ್ದು ಎರಡು ಬೆರಳು ಜಾಗ.

"ಅದು ನೀಲೀದು," ಎಂದಳು ತಿಮ್ಮಾಜಮ್ಮ. "ಅವತ್ತು ಬೆಳಗ್ಗೆ ಚೆಲ್ಲಿದ್ದು."

ಆಕೆಯೇ ಹೇಳಿದಳು. ನಲ್ಲಿ ನೀರು ಹಿಡಿದು ಒಳಗೆ ಬಂದಾಗ ಹಾಲು ಕಟ್ಟೆಯ ಮೇಲೆ ಹರಿಯುತ್ತಿತ್ತಂತೆ, ಹುಡುಗಿ ಲೋಟ ಹಿಡಿದುಕೊಂಡು ನಿಂತಿದ್ದಳಂತೆ. ಮನೆಯಲ್ಲಿ ಇದ್ದದ್ದು ಅಷ್ಟೇ ಹಾಲು. ಮೈಮೇಲೆ ಎಚ್ಚರ ಇಲ್ವೇನೇ ಎಂದು ಬಾಯಿಗೆ ಬಂದ ಹಾಗೆ ಬೈದಳಂತೆ. ಒರೆಸಲ್ಲ, ಸಂಜೆ ಬಂದು ನೋಡ್ಕೋ ಹೋಗು ಎಂದಳಂತೆ. ಹುಡುಗಿ ಕಾಫಿಯನ್ನೂ ಕುಡಿಯದೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳಂತೆ.

"ಇದೊಂದೇ ಆಚಾರ್ರೇ ಉಳಿದಿರೋದು. ಸೀರೆಗೀರೆ ಎಲ್ಲಾ ತೊಳೆದದ್ದು, ಅವಳ ವಾಸನೆ ಇಲ್ಲ. ಫೋಟೋ ಸ್ಟುಡಿಯೋದಲ್ಲಿ ತೆಗೆಸಿದ್ದು, ಅದು ಅವಳ ಥರಾನೇ ಇಲ್ಲ. ಇದು ಅವಳ ಕೈಯಿಂದ ಬಿದ್ದಿದ್ದು."

ಬೇರೆ ಯಾರನ್ನು ಒಳಗೆ ಬಿಟ್ಟರೂ, ಆಕೆಯ ಕಲೆಗಳನ್ನು ಒರೆಸುವ ಭರದಲ್ಲಿ ಇದರ ಮೇಲೂ ಬಟ್ಟೆ ಆಡಿಸಿಬಿಡುತ್ತಾರೆ. ಯಾರನ್ನೂ ಬಿಡದಿದ್ದರೆ ಆಕೆಯ ಸಾರೇ ಹರಿದು ಹೋಗಿ ಮಗಳ ಹಾಲನ್ನು ಮುಚ್ಚುತ್ತದೆ. ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇಯಿಸಿ ನೋಡಿದಳಂತೆ. ಆದರೆ ಮಗಳನ್ನು ಒಳಗೆ ಒಬ್ಬಳನ್ನೇ ಬಿಟ್ಟು ಹೊರಗೆ ಉಣ್ಣುತ್ತಿರುವ ಹಾಗೆ ಅನ್ನಿಸಿ ಅನ್ನ ಇಳಿಯಲಿಲ್ಲವಂತೆ.

"ಅದರ ಮೇಲೊಂದು ಮರದ ಮುಚ್ಚಳ ಮಾಡಿ ಹೊದಿಸಿಬಿಡಲಾ?" ಎಂದೆ.

"ಮುಚ್ಚಿಡೋಕೆ ಅವಳೇನು ಮಿಕ್ಕಿದ ಸಾರಾ?" ಎಂದು ಗದರಿದಳು.

ನಾನು ಬಟ್ಟೆ ಕೇಳಿದೆ. ಆಕೆ ಕೊಡುವ ಮುಂಚೆ ನನ್ನ ಮುಖವನ್ನೇ ನೋಡಿದಳು. ಬಲಗಡೆಯದನ್ನು ಪೂರ್ತಿ ಒರೆಸಿ ಬಕೆಟ್ಟುಗಟ್ಟಲೆ ಕೊಳಕು ನೀರು ಹಿಂಡಿದೆ. ಒಲೆಯ ಮುಂದಿನದನ್ನು ಒರೆಸುವಾಗ ಆಕೆ ಎರಡೂ ಕೈಗಳನ್ನು ಬಟ್ಟಲಿನ ಹಾಗೆ ಮಾಡಿ ಹಾಲಿನ ಕಲೆಯ ಸುತ್ತ ಇಟ್ಟುಕೊಂಡು, ಉಸಿರು ಹಿಡಿದು ನಿಂತಿದ್ದಳು. ಕೂಸಿಗೆ ತಲೆಗೆ ನೀರು ಹಾಕುವಾಗ ಕಣ್ಣಿಗೆ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಇಷ್ಟು ವರ್ಷದಲ್ಲಿ ಯಾವ ಬೀಟೆ ಮರದ ಕೆತ್ತನೆಗೂ ನಾನು ಅಷ್ಟು ಹೆದರಿದವನಲ್ಲ.

ಮನೆಗೆ ಬಂದು ಭಾಗೀರತಿಗೆ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಬುದ್ಧಿ ಎಲ್ಲಿ ಹೋಗುತ್ತದೆ, "ಅಡುಗೆ ಮಾಡುವಾಗ ಚೆಲ್ಲೋದೆಲ್ಲಾ ಸೌಟಿನಿಂದಾನೇ ಕಣ್ರೀ. ಕಲಕಿದ ಸೌಟನ್ನ ಎಲ್ಲಿ ಇಡ್ಲಿ ಅಂತ ಹುಡುಕ್ತೀವಲ್ಲ, ಆಗ ಬೀಳೋದು. ಅದಕ್ಕೊಂದು ತೊಟ್ಟಿಲು ಮಾಡಿ ಮಲಗಿಸಿ," ಎಂದು ತಮಾಷೆ ಮಾಡಿದಳು. ತಮಾಷೆಯೇ ನಕ್ಷೆಯಾಯಿತು. ಹೆಸರೂ ಅದೇ ನಿಂತಿತು.

ಮೊದಲನೆಯದನ್ನು ಹಲಸಿನ ಹಲಗೆಯಲ್ಲಿ ಮಾಡಿದೆ. ವೀಳ್ಯದೆಲೆಯಷ್ಟು ಅಗಲ, ನಡುವೆ ಹಳ್ಳ, ಸೌಟಿನ ಹಿಡಿ ಕೂರಲು ಒಂದು ಕಚ್ಚು. ನೋಡಲು ಬಹಳ ಚೆನ್ನಾಗಿತ್ತು, ನಾನೇ ಒಂದೆರಡು ಸಲ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ತಿಮ್ಮಾಜಮ್ಮ ಬೇಳೆ ಕಲಕಿ ಸೌಟನ್ನು ಅದರ ಮೇಲೆ ಮಲಗಿಸಿದಳು. ಬೇಳೆಯ ನೀರು ಹಿಡಿಯ ಉದ್ದಕ್ಕೂ ಇಳಿದು ಬಾಲದಿಂದ ತೊಟ್ಟಿಕ್ಕಿತು. ನಾನು ಒರೆಸಿದೆ. ಪಾತ್ರೆಗೂ ತೊಟ್ಟಿಲಿಗೂ ನಡುವಿನ ಜಾಗದಲ್ಲೂ ಹನಿಗಳು ಬಿದ್ದಿದ್ದವು. ಅವನ್ನೂ ಒರೆಸಿದೆ. ನನ್ನ ಜಂಬ ಇಳಿಯಿತು.

ಎರಡನೆಯದಕ್ಕೆ ಮಾವಿನ ದಿಮ್ಮಿ ತೆಗೆದುಕೊಂಡು, ಬಾಚಿಯಿಂದ ಆಳವಾಗಿ ತೋಡಿದೆ. ಅವಸರದಲ್ಲಿ ಪೂರ್ತಿ ಒಣಗದ ಮರ ಆರಿಸಿಕೊಂಡಿದ್ದೆ. ಬಿಸಿ ಸಾರಿನ ಹಬೆಗೆ ಅದು ನಾಲ್ಕು ದಿನದಲ್ಲೇ ಕೂದಲೆಳೆಯಷ್ಟು ಬಿರಿದು, ತಳದಿಂದ ಸೋರಿ ಕಟ್ಟೆಯ ಮೇಲೆ ಹಳದಿ ಮಡುವಾಯಿತು. ಆಕೆ ಹೇಳಿ ಕಳಿಸಿದಳು, ಹೋದೆ. ಬಟ್ಟೆ ತೆಗೆದುಕೊಂಡು ತಿಕ್ಕಿದೆ. ಹೋಗಲಿಲ್ಲ. ಇನ್ನೊಂದು ಸಲ ತಿಕ್ಕಿದೆ. ಊಹೂಂ. ಆಗ ನನಗೆ ಗೊತ್ತಾಯಿತು. ಸೌಟು ಇಟ್ಟವಳು ಆಕೆಯಾದರೂ ಹಸಿ ಮರ ಕೊಟ್ಟವನು ನಾನು. ಚೆಲ್ಲಿದ್ದು ನನ್ನ ಕೈ.

ತಿಮ್ಮಾಜಮ್ಮ ನನ್ನ ಪೆಚ್ಚುಮೋರೆ ನೋಡಿ ಫಕ್ಕನೆ ನಕ್ಕಳು. ಮಗಳು ಹೋದಮೇಲೆ ಆಕೆ ನಕ್ಕದ್ದನ್ನು ಕೇಳಿದವನು ನಾನೇ ಮೊದಲಿರಬೇಕು. "ಕೊಡಿ ಇತ್ಲಾಗೆ," ಎಂದು ಬಟ್ಟೆ ಕಿತ್ತುಕೊಂಡು ಒಂದೇ ಸಲಕ್ಕೆ ಒರೆಸಿ ಹಾಕಿದಳು. ಹಾಗೇ ನಿಂತಳು. ಕೈಯಲ್ಲಿ ಬಟ್ಟೆ, ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. "ಎಷ್ಟು ಕಾಲ ಆಯ್ತು ಆಚಾರ್ರೇ, ಇನ್ನೊಬ್ಬರು ಚೆಲ್ಲಿದ್ದನ್ನ ಒರೆಸಿ," ಎಂದಳು. "ಕೈಗೆ ಎಷ್ಟು ಹಿತವಾಗಿರುತ್ತೆ ಅಂತ ಮರೆತೇ ಹೋಗಿತ್ತು." ಆಮೇಲೆ ಎಡಗಡೆಯ ಬಿಳಿ ಕಲೆಯನ್ನು ನೋಡಿ ಬಟ್ಟೆಯನ್ನು ಮಡಚಿ ದೂರ ಇಟ್ಟಳು.

ಅವತ್ತು ಹೊರಗೆ ಬರುವಾಗ ಎದುರುಮನೆಯ ಶಿವನಂಜಮ್ಮ ಜಗಲಿಯಿಂದ ಇಳಿದು ಬಂದು ನನ್ನನ್ನು ತಡೆದಳು. ನೀಲವೇಣಿ ಕೂಸಾಗಿದ್ದಾಗ ಎಣ್ಣೆ ಹಚ್ಚಿ ನೀರು ಹಾಕಿದವಳು ಈಕೆ. ತಿಮ್ಮಾಜಮ್ಮನ ಮೇಲೆ ಆಕೆಗೆ ಸಿಟ್ಟಿಲ್ಲ, ಭಯ. "ನಿಮ್ಮನ್ನೊಬ್ಬರನ್ನೇ ಅವಳು ಒಳಗೆ ಬಿಡೋದು. ಅವಳು ಅತ್ಲಾಗೆ ತಿರುಗಿದಾಗ ಒಂದ್ಸಲ ಕೈಯಾಡಿಸಿಬಿಡಿ ಆಚಾರ್ರೇ. ಆ ಹಾಲು ಅಲ್ಲಿರೋವರೆಗೆ ಹುಡುಗಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಶಿಕ್ಷೆ ಕೊಟ್ಟು ನಿಲ್ಲಿಸಿದ ಹಾಗೆ ನಿಂತಿರ್ತಾಳೆ. ಇವಳೂ ಅಷ್ಟೇ, ಅನ್ನ ತಿನ್ನದೆ ಒಣಗಿ ಕಡ್ಡಿಯಾಗ್ತಿದ್ದಾಳೆ," ಎಂದು ಅತ್ತಳು.

"ಅದು ನನ್ನ ಕೈಲಿ ಆಗಲ್ಲ ತಾಯಿ. ಕಳ್ಳತನ ಆಗುತ್ತೆ," ಎಂದೆ. ಹೇಳಿದೆನಾದರೂ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದಿನ ಸಲ ಹೋದಾಗ ಆಕೆ ಹಿತ್ತಲಿಗೆ ಕರಿಬೇವು ಕೀಳಲು ಹೋದಳು. ನನ್ನ ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಕಲೆ ಒಂದು ಮೊಳ ದೂರದಲ್ಲಿತ್ತು. ಬಟ್ಟೆಯನ್ನು ಕಿಟಕಿಯ ಸರಳಿಗೆ ಹಾಕಿ, ಕೈ ಕಟ್ಟಿಕೊಂಡು ನಿಂತೆ. ಆಕೆ ಬಂದವಳು ಮೊದಲು ಕಲೆಯನ್ನು ನೋಡಿದಳು, ಆಮೇಲೆ ನನ್ನನ್ನು.

ಅವತ್ತು ನಾನು ಸೌಟನ್ನು ನೋಡುವುದು ಬಿಟ್ಟು ಆಕೆಯನ್ನು ನೋಡಿದೆ. ಸಾರು ಕುದಿಯಿತು, ಆಕೆ ಕಲಕಿದಳು, ಸೌಟು ಮೇಲೆತ್ತಿದಳು. ಎತ್ತಿದ ಸೌಟಿನಿಂದ ಹನಿ ಜಾರುವಷ್ಟು ಹೊತ್ತು ಪಾತ್ರೆಯ ಮೇಲೇ ಹಿಡಿಯುವುದು ಎಲ್ಲರ ರೂಢಿ. ಆಕೆಗೂ ಆ ರೂಢಿ ಇತ್ತು. ಆದರೆ ಸೌಟು ಮೇಲೆ ಬಂದೊಡನೆ ಆಕೆಯ ಕುತ್ತಿಗೆ ಎಡಕ್ಕೆ ತಿರುಗುತ್ತಿತ್ತು. ಮಗಳು ಇದ್ದಾಳೋ ಇಲ್ಲವೋ ಎಂದು ನೋಡುವ ಹಾಗೆ. ಕುತ್ತಿಗೆಯ ಜೊತೆ ಹೆಗಲು, ಹೆಗಲ ಜೊತೆ ಕೈ. ಒಲೆಯ ಮುಂದೆ ಹನಿ ಬೀಳುತ್ತಿದ್ದದ್ದು ಆಗ. ಪ್ರತಿ ಸಲವೂ ಅಷ್ಟೇ, ತಪ್ಪಿದ್ದೇ ಇಲ್ಲ. ಇದು ಮರದ ದೋಷವಲ್ಲ, ಕೈಯ ದೋಷವೂ ಅಲ್ಲ. ಆ ನೋಟವನ್ನು ನಿಲ್ಲಿಸುವ ತೊಟ್ಟಿಲನ್ನು ನಾನೆಲ್ಲಿಂದ ತರಲಿ? ಅದಕ್ಕೆ ಆ ನೋಟದ ಕೆಳಗೇ ಮರವನ್ನು ಹಿಡಿಯಬೇಕು ಅನ್ನಿಸಿತು.

ಮೂರನೆಯದನ್ನು ಚೆನ್ನಾಗಿ ಆರಿದ ಹೊನ್ನೆ ಮರದ ತುಂಡಿನಲ್ಲಿ ಮಾಡಿದೆ. ಬಿಡಿಸಿದ ಅವರೆಕಾಯಿಯ ಸಿಪ್ಪೆಯ ಹಾಗೆ ಉದ್ದಕ್ಕೆ, ನಡುವೆ ಹೊಟ್ಟೆ. ಒಂದು ತುದಿಯಲ್ಲಿ ಪಾತ್ರೆಯ ಕಂಠಕ್ಕೆ ಕಚ್ಚಿಕೊಳ್ಳುವ ಸೀಳು. ಹಾಗಾಗಿ ಪಾತ್ರೆಗೂ ತೊಟ್ಟಿಲಿಗೂ ನಡುವೆ ಸಂದೇ ಇಲ್ಲ, ಸೌಟು ಎಡಕ್ಕೆ ತಿರುಗಿದರೂ ಮರದ ಮೇಲೇ ತಿರುಗುತ್ತದೆ. ಇನ್ನೊಂದು ತುದಿಗೆ ಗಿಡ್ಡ ಕಾಲು. ಹಿಡಿಯಿಂದ ಇಳಿದದ್ದು ಹಿಂದಕ್ಕೆ ಹೊಟ್ಟೆಗೇ ಹರಿಯುವಂತೆ ಒಳಗೆ ಸಣ್ಣ ಇಳಿಜಾರು. ಉಪ್ಪುಕಾಗದ ಹಾಕಿ ತಿಕ್ಕಿ ತಿಕ್ಕಿ, ಹುಚ್ಚೆಳ್ಳೆಣ್ಣೆ ಕುಡಿಸಿ, ಬಿಸಿಲಿಗಿಟ್ಟು, ಮತ್ತೆ ಕುಡಿಸಿದೆ. "ನನ್ನ ಮದುವೆ ಮಂಚಕ್ಕೂ ಇಷ್ಟು ಎಣ್ಣೆ ಕುಡಿಸಿರಲಿಲ್ಲ ನೀವು," ಎಂದಳು ಭಾಗೀರತಿ. ಆದರೆ ಎಣ್ಣೆ ಮುಗಿದಾಗ ಅವಳೇ ಹೋಗಿ ತಂದುಕೊಟ್ಟಳು.

ತಿಮ್ಮಾಜಮ್ಮ ಅದನ್ನು ಪಾತ್ರೆಗೆ ಸಿಕ್ಕಿಸಿ ಹುಳಿ ಮಾಡಿದಳು. ಕಲಕಿದಳು, ಎತ್ತಿದಳು, ಎಡಕ್ಕೆ ನೋಡಿದಳು. ಹನಿ ಟಪ್ಪೆಂದು ಮರಕ್ಕೆ ಬಿತ್ತು, ಹೊಟ್ಟೆಗಿಳಿಯಿತು. ಆಕೆ ಸೌಟು ಮಲಗಿಸಿದಳು. ಬಾಲದಿಂದ ಏನೂ ತೊಟ್ಟಿಕ್ಕಲಿಲ್ಲ. ಒಲೆ ಆರಿಸಿ ಪಾತ್ರೆ ಇಳಿಸಿ, ತೊಟ್ಟಿಲಲ್ಲಿ ನಿಂತಿದ್ದನ್ನು ಪಾತ್ರೆಗೇ ಬಗ್ಗಿಸಿದಳು. ಕಟ್ಟೆಯ ಮೇಲೆ ಅಂಗೈ ಸವರಿ ನೋಡಿದಳು. ಒಣಗಿತ್ತು.

"ಇನ್ನು ನೀವು ಬರಬೇಕಾಗಿಲ್ಲ," ಎಂದಳು. ಹೇಳಿದಮೇಲೆ ಆ ಮಾತು ಒರಟಾಯಿತು ಅನ್ನಿಸಿರಬೇಕು, "ಒರೆಸೋದಕ್ಕೆ ಅಂದೆ. ಸುಮ್ಮನೆ ಬನ್ನಿ," ಎಂದು ಸೇರಿಸಿದಳು.

ಸುಮ್ಮನೆ ಹೋಗುವುದು ಹೇಗೆ ಎಂದು ನಮ್ಮ ಊರಿನವರಿಗೆ ಗೊತ್ತಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಕಾಲಿಡಲು ನಮಗೆ ಚೆಲ್ಲಿದ ಸಾರಿನ ನೆಪ ಬೇಕು. ನಾನು ಹೋಗಲಿಲ್ಲ. ಕೇರಿಯ ಬೇರೆ ಹೆಂಗಸರು ಬಂದು ತಮಗೂ ಅಂಥ ತೊಟ್ಟಿಲು ಬೇಕೆಂದರು. ಮಾಡಿಕೊಡಲು ನನಗೆ ಯಾಕೋ ಮನಸ್ಸಾಗಲಿಲ್ಲ, ಹೊನ್ನೆ ಸಿಕ್ಕಲಿಲ್ಲ ಎಂದು ಸಾಗಹಾಕಿದೆ.

ಮಾಗಿಯ ಚಳಿ ಮುಗಿಯುತ್ತಾ ಬಂದಿತ್ತು. ಒಂದು ಮಧ್ಯಾಹ್ನ ತಿಮ್ಮಾಜಮ್ಮ ತಾನೇ ಬಂದು ಕರೆದಳು. ತಲೆಗೆ ನೀರು ಹಾಕಿಕೊಂಡಿದ್ದಳು, ಒದ್ದೆ ಜಡೆಯ ತುದಿಗೆ ಗಂಟು. ಮೈ ಸ್ವಲ್ಪ ತುಂಬಿತ್ತು. ನನಗೆ ಸಂತೋಷವಾಯಿತು, ಸುಳ್ಳೇಕೆ ಹೇಳಲಿ, ನನ್ನ ಮರದ ತುಂಡಿನ ಮೇಲೆ ಹೆಮ್ಮೆಯೂ ಆಯಿತು. ಆಕೆಯ ಅಡುಗೆಮನೆಯಲ್ಲಿ ಕಡಪ ಕಲ್ಲು ಹೊಳೆಯುತ್ತಿತ್ತು. ಒಲೆಯ ಮೇಲೆ ಹುರುಳಿ ಸಾರು ಸಣ್ಣ ಉರಿಯಲ್ಲಿ ಕುದಿಯುತ್ತಿತ್ತು, ತೊಟ್ಟಿಲು ಪಾತ್ರೆಗೆ ಕಚ್ಚಿಕೊಂಡಿತ್ತು. ಇಡೀ ಕಟ್ಟೆಯಲ್ಲಿ ಇದ್ದದ್ದು ಆ ಹಾಲಿನ ಕಲೆ ಒಂದೇ.

"ಅವತ್ತು ನೀವು ಸೋರಿಸಿದ್ದನ್ನ ನಾನು ಒರೆಸಿದೆನಲ್ಲ," ಎಂದಳು, "ಅವತ್ತಿಂದ ಅದೇ ಯೋಚನೆ. ಆಚಾರರು ಸೋರಿಸಿದರೆ ನಗ್ತಾ ಒರೆಸ್ತೀನಿ, ಹೆತ್ತ ಮಗಳು ಚೆಲ್ಲಿದ್ದನ್ನ ಇಟ್ಕೊಂಡು ಕೂತಿದೀನಿ. ಸಂಜೆ ಬಂದು ನೋಡ್ಕೋ ಅಂದಿದ್ದೆ. ಆ ಸಂಜೆ ಇನ್ನೂ ಮುಗಿದೇ ಇಲ್ಲ ಅವಳಿಗೆ. ಶಿವನಂಜಿ ಹೊರಗೆ ನಿಂತು ದಿನಾ ಹೇಳೋದು ಸರಿ. ನಾನು ಇಟ್ಕೊಂಡಿರೋದು ಅವಳನ್ನಲ್ಲ, ಅವಳಿಗೆ ಕೊಟ್ಟ ಶಿಕ್ಷೇನ. ಇವತ್ತು ಒರೆಸಿಬಿಡ್ತೀನಿ. ಬೇರೆಯವರಲ್ಲ, ನಾನೇ ಒರೆಸ್ಬೇಕು. ನೋಡೋಕೆ ಒಬ್ಬರು ಇರ್ಲಿ ಅಂತ ಕರೆದೆ."

ನಾನು ತಲೆಯಾಡಿಸಿದೆ. ಆಕೆ ಹೊಸ ಬಿಳಿ ಬಟ್ಟೆಯೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದಳು. ಕಲೆಯ ಮುಂದೆ ನಿಂತು, "ಆಯ್ತು ಬಿಡೇ ನೀಲಿ. ಹಾಲು ತಾನೇ. ಹೋಗ್ಲಿ ಬಿಡು. ನಾನೇನೂ ಅಂದ್ಕೊಂಡಿಲ್ಲ, ನೀನೂ ಅಂದ್ಕೋಬೇಡ," ಎಂದಳು. ಬಟ್ಟೆಯನ್ನು ಕಲೆಯ ದುಂಡು ಭಾಗದ ಮೇಲಿಟ್ಟು, ಮಗುವಿನ ಬಾಯಿ ಒರೆಸುವಷ್ಟು ಮೆಲ್ಲಗೆ ಅಂಚಿನವರೆಗೆ ಎಳೆದಳು.

ಬಟ್ಟೆ ಎತ್ತಿದಾಗ ಕಲೆ ಹಾಗೇ ಇತ್ತು.

ಮೆಲ್ಲಗೆ ಒರೆಸಿದ್ದಕ್ಕೆ ಹೋಗಲಿಲ್ಲ ಎಂದುಕೊಂಡಳು. ಬಟ್ಟೆಯನ್ನು ಮತ್ತೆ ಅದ್ದಿ ಸ್ವಲ್ಪ ಒತ್ತಿ ಒರೆಸಿದಳು. ಬಹಳ ಹಳೆಯದಾಯಿತಲ್ಲ, ಗಟ್ಟಿಯಾಗಿದೆ ಎಂದು ತನಗೆ ತಾನೇ ಹೇಳಿಕೊಂಡಳು. ನಾನು ಅಷ್ಟರಲ್ಲಿ ತಿಳಿದುಕೊಂಡಿದ್ದೆ. ಅಕ್ಕ, ಸಾಕು ಬಿಡಿ ಎನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಆಕೆ ಮೂರನೆಯ ಸಲ ಎರಡೂ ಕೈ ಹಾಕಿ, ಬೆರಳ ಗೆಣ್ಣು ಕಲ್ಲಿಗೆ ಬಡಿಯುವಂತೆ ತಿಕ್ಕಿದಳು. ಆಮೇಲೆ ನಿಲ್ಲಿಸಿದಳು. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು, ಅದು ಯಾರದೋ ಕೈ ಎನ್ನುವ ಹಾಗೆ.

"ನಾನು," ಎಂದಳು.

ಬಟ್ಟೆ ಆಕೆಯ ಕೈಯಿಂದ ಕಟ್ಟೆಯ ಮೇಲೆ ಬಿತ್ತು.

"ಅವತ್ತು ಹಾಲು ಇಳಿಸ್ತಿದ್ದೆ. ನಲ್ಲೀಲಿ ನೀರು ಬಂತು ಅಂತ ಶಿವನಂಜಿ ಕೂಗಿದಳು. ಪಾತ್ರೆ ಕುಕ್ಕಿ ಕೊಡ ತಗೊಂಡು ಓಡಿದೆ. ಹಿಂದೆ ತಿರುಗಿ ನೋಡ್ಲಿಲ್ಲ. ನಾನೇ ಆಚಾರ್ರೇ, ನಾನೇ ಚೆಲ್ಲಿದ್ದು." ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ತಡೆಯಲು ಆಗುತ್ತಿತ್ತೇನೋ. "ಅವಳು ಹೇಳಿದ್ದಳು. ನಾನಲ್ಲಮ್ಮ ಅಂದಳು. ಸುಳ್ಳು ಬೇರೆ ಹೇಳ್ತೀಯಾ ಅಂತ ಇನ್ನೂ ಜೋರು ಮಾಡಿದೆ. ಬಟ್ಟೆ ತಗೊಂಡು ಬಂದಳು. ತಾಳು, ಒರೆಸಿ ತೋರಿಸ್ತೀನಿ, ಆಗ ನಂಬ್ತೀಯ ಅಂದಳು. ನಾನೇ ಕೈಯಿಂದ ಬಟ್ಟೆ ಕಿತ್ಕೊಂಡೆ. ಒಂದ್ಸಲ ಒರೆಸೋಕೆ ಬಿಟ್ಟಿದ್ದರೆ ಆಗಿಹೋಗ್ತಿತ್ತು. ಬಿಡ್ಲಿಲ್ಲ."

ನಾನು ಮುಂದೆ ಬಂದು ಕಟ್ಟೆಯ ಮೇಲೆ ಬಿದ್ದಿದ್ದ ಬಟ್ಟೆಯನ್ನು ಎತ್ತಿಕೊಂಡೆ. ನನ್ನ ಕೈಗೆ ಅದು ಒಂದೇ ಕ್ಷಣದ ಕೆಲಸ. ಇನ್ನೊಬ್ಬರ ಕೈ ಇರುವುದೇ ಅದಕ್ಕಲ್ಲವೇ? "ಬಿಡಕ್ಕ, ನಾನು ಒರೆಸಿಬಿಡ್ತೀನಿ," ಎಂದೆ.

ಆಕೆ ನನ್ನ ಮುಂಗೈ ಹಿಡಿದುಕೊಂಡಳು. ಗಟ್ಟಿಯಾಗಿಯೇನೂ ಅಲ್ಲ. "ನಿಮ್ಮ ಕೈಗೆ ಹೋಗುತ್ತೆ ಅಂತ ಗೊತ್ತು. ಅವಳ ಕೈಗೂ ಹೋಗ್ತಿತ್ತು. ಅವಳು ಒರೆಸ್ಬೇಕಿತ್ತು, ನೀವಲ್ಲ," ಎಂದು ಬಟ್ಟೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ, ಏನೂ ಆಗದವಳ ಹಾಗೆ, "ಕೂತ್ಕೊಳ್ಳಿ. ಊಟದ ಹೊತ್ತಾಯ್ತು. ಹಸ್ಕೊಂಡು ಹೋಗ್ಬೇಡಿ," ಎಂದಳು.

ನಾನು ಮಣೆಯ ಮೇಲೆ ಕೂತೆ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಆಕೆ ತಟ್ಟೆ ಹಾಕಿ ಒಲೆಯ ಕಡೆ ತಿರುಗಿದಳು. ಸಾರು ಕಲಕಿದಳು. ಸೌಟು ಮೇಲೆ ಬಂತು, ಕುತ್ತಿಗೆ ಎಡಕ್ಕೆ ತಿರುಗಿತು, ಹೆಗಲು ತಿರುಗಿತು. ಈ ಸಲ ಕೈ ಮೊಣಕೈಯಿಂದಲೇ ಗಡಗಡ ನಡುಗುತ್ತಿತ್ತು. ಸೌಟಿನಿಂದ ಸಾರು ತುಳುಕಿತು, ಹಿಡಿಯ ಮೇಲೆ ಹರಿಯಿತು, ಎಲ್ಲವನ್ನೂ ಆ ಹೊನ್ನೆ ಮರ ಹಿಡಿದುಕೊಂಡಿತು. ನಾನು ಜೀವಮಾನದಲ್ಲಿ ಮಾಡಿದ ಒಂದು ಸಾಮಾನು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ನನಗೆ ಹೊಟ್ಟೆ ಉರಿದುಹೋಯಿತು. ಒಂದೇ ಒಂದು ಹನಿ ಕಟ್ಟೆಗೆ ಬೀಳಲಿ ದೇವರೇ, ಎದ್ದು ಹೋಗಿ ಅದನ್ನಾದರೂ ಒರೆಸಿಕೊಡುತ್ತೇನೆ ಎಂದು ನೋಡುತ್ತಾ ಕೂತೆ. ಬೀಳಲಿಲ್ಲ.